ಸೂಜಿ ಆಡುವ ಜಾಗ

ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಮನುಷ್ಯ ಮನೆಗೆ ಬರುವ ದಿನವೇ ನಲ್ಲಿಯಲ್ಲಿ ನೀರು ನಿಂತಿತ್ತು. ತಾಯಿ ಪಕ್ಕದ ಮನೆಯಿಂದ ಬಕೆಟ್ಟಿನಲ್ಲಿ ನೀರು ತಂದು ಲೋಟಗಳನ್ನು ಉಜ್ಜಿದಳು, ಉಳಿದದ್ದನ್ನು ಚಹಾಕ್ಕೆ ಎತ್ತಿಟ್ಟಳು. ಅವಳು ಆಸ್ಪತ್ರೆಯವರ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಂದು ಅರ್ಧ ದಿನ ರಜೆ ಕೇಳಿಕೊಂಡು ಬಂದಿದ್ದಳು. ಮೇಲ್ವಿಚಾರಕಿ "ಏನಮ್ಮಾ, ಮಗಳನ್ನ ನೋಡೋಕೆ ಬರ್ತಿದ್ದಾರಾ?" ಎಂದು ಕಣ್ಣು ಮಿಟುಕಿಸಿದಾಗ, "ಹೌದು, ಆದ್ರೆ ಮದುವೆಗಲ್ಲ" ಎಂದು ಹೇಳಿ ಹೊರಬಿದ್ದಿದ್ದಳು.

ಮಗಳಿಗೆ ಹದಿನೇಳು. ಹುಟ್ಟಿದಾಗಿನಿಂದಲೂ ಕಡ್ಡಿಯಂತಿದ್ದ ಹುಡುಗಿಯನ್ನು ಅಜ್ಜಿ, ತಂದೆಯ ತಾಯಿ, ಸೂಜಿ ಎಂದು ಕರೆದಿದ್ದಳು. ಮೈದಾನದಲ್ಲೂ ಅದೇ ಹೆಸರು ಉಳಿಯಿತು. ಎದುರಾಳಿಗಳ ನಡುವೆ ಬೆರಳು ತೂರುವಷ್ಟು ಸಂದಿ ಸಿಕ್ಕರೂ ಅವಳು ಚೆಂಡಿನ ಸಮೇತ ಆಚೆ ಬಂದಿರುತ್ತಿದ್ದಳು. ಅವಳಿಗೆ ಚೆಂಡು ಒದೆಯಲು ಕಲಿಸಿದವನು ಸೋದರಮಾವ, ತಾಯಿಯ ಒಬ್ಬನೇ ತಮ್ಮ. ಹಗಲು ಮನೆಗಳ ವೈರಿಂಗ್ ಕೆಲಸ ಮಾಡಿ, ಸಂಜೆ ಊರಿನ ಕ್ಲಬ್ಬಿನ ಹುಡುಗಿಯರ ತಂಡಕ್ಕೆ ಕೋಚ್ ಆಗಿದ್ದವನು. ಮದುವೆ ಮಾಡಿಕೊಳ್ಳದೆ, ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ವರ್ಷಗಳಿಂದ ಇದ್ದ. ತಂದೆ ನಗರದ ಬಸ್ಸಿನ ಡ್ರೈವರು. ಅಂದು ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಂದವನಿಗೆ ಗಟ್ಟಿಯಾಗಿರುವ ಕುರ್ಚಿಯನ್ನೇ ಹುಡುಕಿ ಕೊಟ್ಟ.

"ವೇಗ ಎಲ್ಲರಿಗೂ ಇರುತ್ತೆ," ಎಂದ ಕ್ಲಬ್ಬಿನವನು ಚಹಾ ಹೀರುತ್ತ. "ನಿಮ್ಮ ಹುಡುಗಿಗೆ ಚೆಂಡು ಎಲ್ಲಿ ಬೀಳುತ್ತೆ ಅನ್ನೋದು ಮೊದಲೇ ಗೊತ್ತಿರುತ್ತೆ. ಅದನ್ನ ಕಲಿಸೋಕಾಗಲ್ಲ."

ತಂದೆಯ ಮುಖ ಅರಳಿತು. ಬಾಗಿಲಿಗೆ ಒರಗಿ ನಿಂತಿದ್ದ ಸೋದರಮಾವ ಕೇಳಿದ, "ನಿಮ್ಮ ತಂಡದಲ್ಲಿ ಈಗ ಮುಂದೆ ಆಡೋ ಹುಡುಗಿಯರು ಎಷ್ಟು ಜನ ಇದ್ದಾರೆ ಸಾರ್?"

"ಇದ್ದಾರೆ. ಪೈಪೋಟಿ ಇದ್ರೇನೇ ಅಲ್ವಾ ಬೆಳೆಯೋದು?"

"ಇವಳನ್ನ ಎಲ್ಲಿ ಆಡಿಸ್ತೀರಿ?"

"ನಡುವೆ. ಗೋಲಿನ ಎದುರಿಗೆ. ಇಂಥವಳನ್ನ ಪಕ್ಕದ ಗೆರೆ ಹತ್ರ ನಿಲ್ಲಿಸಿ ಯಾರು ಹಾಳುಮಾಡ್ತಾರೆ ಹೇಳಿ."

ಎರಡು ವರ್ಷದಿಂದ ಅವಳನ್ನು ಎಡಗಡೆಯ ಗೆರೆಯ ಹತ್ತಿರ ನಿಲ್ಲಿಸುತ್ತಿದ್ದವನು ಸೋದರಮಾವನೇ. ಸೂಜಿ ಒಮ್ಮೆ ಮಾವನ ಮುಖ ನೋಡಿದಳು. ಅವನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ.

ಅಂದು ಸಂಜೆ ಅನ್ನ, ಬೇಳೆ, ಹುರಿದ ಆಲೂಗೆಡ್ಡೆ. ಎಲ್ಲರಿಗೂ ಬಡಿಸುವ ಮೊದಲೇ ಮಾತು ಶುರುವಾಯಿತು.

"ಭಾವ, ಅವರದು ಸಸಿ ನೆಡೋ ಲೆಕ್ಕ," ಎಂದ ತಾಯಿಯ ತಮ್ಮ. "ಹತ್ತು ಕಡೆಯಿಂದ ಹತ್ತು ಹುಡುಗಿಯರನ್ನ ತರ್ತಾರೆ. ಒಬ್ಬಳು ಚಿಗುರಿದ್ರೆ ಅವರಿಗೆ ಸಾಕು. ಮಿಕ್ಕವರನ್ನ ಆ ಕ್ಲಬ್ಬಿಗೆ ಈ ಕ್ಲಬ್ಬಿಗೆ ಎರವಲು ಕೊಡ್ತಾರೆ, ಇಲ್ಲ ಮಾರ್ತಾರೆ."

"ಆ ಚಿಗುರೋ ಒಬ್ಬಳು ನಮ್ಮವಳೇ ಆಗಬಾರದು ಅಂತ ಏನಾದ್ರೂ ಇದೆಯಾ?"

"ಆಗಬಹುದು. ಆದ್ರೆ ಈ ವಯಸ್ಸಲ್ಲಿ ವಾರವಾರ ಆಡಬೇಕು. ಬಂದರಿನ ಊರಿನ ಕ್ಲಬ್ಬಿದೆಯಲ್ಲ, ಅವರೂ ಕೇಳ್ತಿದ್ದಾರೆ. ಸಣ್ಣ ಕ್ಲಬ್ಬು. ಆದ್ರೆ ಅಲ್ಲಿ ಮುಂದೆ ಆಡೋರೇ ಇಲ್ಲ. ಮೊದಲ ದಿನದಿಂದ ಆಡಿಸ್ತಾರೆ. ಅಲ್ಲಿ ಒಂದೆರಡು ವರ್ಷ ಇದ್ದು ಆಮೇಲೆ ದೊಡ್ಡ ಕಡೆ ಹೋಗಲಿ."

"ಒಂದೆರಡು ವರ್ಷ!" ತಂದೆ ತಟ್ಟೆ ಸರಿಸಿದ. "ನಿನ್ನ ಗೋಲ್‌ಕೀಪರ್ ಹುಡುಗಿ ಏನಾದಳು? ಮೊಣಕಾಲು ತಿರುಚಿತು, ಕ್ಲಬ್ಬಿನವರು ಐಸು ಕಟ್ಟಿ ಮನೆಗೆ ಕಳಿಸಿದ್ರು. ಈಗ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ತಾ ಕೂತಿದ್ದಾಳೆ. ದೊಡ್ಡ ಕ್ಲಬ್ಬಲ್ಲಿ ಡಾಕ್ಟರ್ ಇರ್ತಾರೆ. ಇವತ್ತು ಇವಳ ಕಾಲು ಗಟ್ಟಿ ಇದೆ. ನಾಳೆ?"

ಅಜ್ಜಿ ನಡುವೆ ಬಾಯಿ ಹಾಕಿದಳು. "ಊಟ ಮಾಡೋವಾಗ ಮಗು ಕಾಲು ಮುರೀಬೇಡ್ರೋ."

"ನೀನು ಸುಮ್ನಿರಮ್ಮ. ಇವನಿಗೆ ನನ್ನ ಮಗಳ ಚಿಂತೆ ಅಲ್ಲ, ತನ್ನದು. ಅವಳು ಹೋದ್ರೆ ಇವನ ತಂಡ ಕೆಳಗಿನ ದರ್ಜೆಗೆ ಬೀಳುತ್ತೆ, ಇವನ ಕೋಚ್‌ಗಿರಿ ಹೋಗುತ್ತೆ. ನನ್ನ ಮನೇಲೇ ಉಂಡು, ನನ್ನ ಮಗಳ ಕಾಲ ಮೇಲೆ ಕೆಲಸ ಉಳಿಸ್ಕೊಳ್ತಿದ್ದಾನೆ."

ಮಾತು ತಂದೆಯ ಬಾಯಿಂದ ಜಾರಿಬಿಟ್ಟಿತ್ತು. ತಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಎದ್ದು ಹೋಗಿ ಕೈ ತೊಳೆದ. ತಾಯಿ ಬೇಳೆಯ ಸೌಟು ಹಿಡಿದು ನಿಂತವಳು ನಿಂತೇ ಇದ್ದಳು. ಗಂಡನಿಗೊಂದು ಮಾತು ಹೇಳಬೇಕಿತ್ತು, ತಮ್ಮನಿಗೊಂದು. ಮೊದಲು ಮಾತಾಡಿದವಳು ಸೂಜಿ.

"ನಂಗೆ ಇನ್ನೊಂದು ಚೂರು ಆಲೂಗೆಡ್ಡೆ ಬೇಕು," ಎಂದಳು.

ಮರುದಿನ ತಮ್ಮ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಗೆ ಬಾಡಿಗೆಗೆ ಹೋದ.

ಆ ವಾರವೆಲ್ಲ ತಾಯಿ ಕಾರ್ಖಾನೆಯಿಂದ ಬರುವಾಗ ಮೈದಾನದ ದಾರಿ ಹಿಡಿದು ತಮ್ಮನಿಗೆ ಊಟದ ಡಬ್ಬಿ ಕೊಟ್ಟು ಬರುತ್ತಿದ್ದಳು. ಗಂಡನಿಗೆ ಹೇಳಿರಲಿಲ್ಲ. ಹೇಳದೆಯೂ ಅವನಿಗೆ ಗೊತ್ತಿತ್ತು, ಯಾಕೆಂದರೆ ಡಬ್ಬಿ ತುಂಬುವಾಗ ಅವನು ಬೇಕೆಂದೇ ಕಿಟಕಿಯಾಚೆ ನೋಡುತ್ತಿದ್ದ. ಒಂದು ಸಂಜೆ ಹುಡುಗಿಯರು ಬೆವರು ಸುರಿಸಿ ಓಡುತ್ತಿದ್ದಾಗ, ಮೈದಾನದ ಅಂಚಿನ ಕಲ್ಲುಬೆಂಚಿನಲ್ಲಿ ತಮ್ಮನ ಪಕ್ಕ ಕೂತು ಅವಳು ನೇರ ಕೇಳಿಯೇಬಿಟ್ಟಳು.

"ನಿಮ್ಮ ಭಾವ ಹೇಳಿದ್ದು ನಿಜಾನಾ?"

ತಮ್ಮ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ. "ಅರ್ಧ ನಿಜ ಅಕ್ಕ. ಅವಳು ಹೋದ್ರೆ ನಾವು ಬೀಳ್ತೀವಿ. ನಾವು ಬಿದ್ರೆ ನನ್ನನ್ನ ಇಟ್ಕೊಳ್ಳಲ್ಲ. ಹಾಗಂತ ನಾನು ಹೇಳಿದ್ದು ಸುಳ್ಳಾಗುತ್ತಾ?"

"ಅದನ್ನ ಅವರಿಗೆ ಹೇಳಬಹುದಿತ್ತಲ್ಲ."

"ಹೇಗೆ ಹೇಳಲಿ? ಅರ್ಧ ಒಪ್ಪಿಕೊಂಡ್ರೆ ಪೂರ್ತಿ ಒಪ್ಪಿಕೊಂಡ ಹಾಗೇ."

ಎಡಗಡೆಯ ಗೆರೆಯಲ್ಲಿ ಸೂಜಿ ಚೆಂಡಿಗಾಗಿ ಕೈಯೆತ್ತಿ ನಿಂತಿದ್ದಳು. ಚೆಂಡು ಬಂದಿತು, ಅವಳು ಓಡಿದಳು, ಗೆರೆಯ ತುದಿಯಿಂದ ಒಳಕ್ಕೆ ಒದ್ದಳು, ಬೇರೊಬ್ಬಳು ಗೋಲು ಹೊಡೆದಳು. ಹುಡುಗಿಯರೆಲ್ಲ ಆ ಇನ್ನೊಬ್ಬಳನ್ನು ಅಪ್ಪಿಕೊಂಡರು. ಸೂಜಿ ಮೆಲ್ಲಗೆ ತನ್ನ ಜಾಗಕ್ಕೆ ನಡೆದುಹೋದಳು.

"ಅವಳಿಗೆ ಎಲ್ಲಿಗೆ ಹೋಗೋ ಆಸೆ?" ಎಂದು ತಾಯಿ ಕೇಳಿದಳು.

"ನೀನೇ ಕೇಳಕ್ಕ. ನನ್ನ ಜೊತೆ ಈಗ ಸರಿಯಾಗಿ ಮಾತಾಡಲ್ಲ."

ಆಟ ಮುಗಿಸಿ ಮಗಳು ಬಂದ ಮೇಲೆ ಕೇಳಬೇಕೆಂದುಕೊಂಡೇ ತಾಯಿ ಮನೆಗೆ ಬಂದಳು. ಬಂದಾಗ ಗಂಡ ಆಗಲೇ ಸಹಿ ಹಾಕಿ, ಪೆನ್ನು ಹಿಡಿದು ಕೂತಿದ್ದ. ದೊಡ್ಡ ಕ್ಲಬ್ಬಿನವನೂ ಊರಿನ ಕ್ಲಬ್ಬಿನ ಕಾರ್ಯದರ್ಶಿಯೂ ಜೊತೆಗಿದ್ದರು. ಮಗಳಿಗಿನ್ನೂ ಹದಿನೆಂಟು ಆಗಿರಲಿಲ್ಲವಾದ್ದರಿಂದ ತಂದೆಯ ಸಹಿಯೇ ಸಾಕಾಯಿತು. ಊರಿನ ಕ್ಲಬ್ಬಿನವರು ಅವಳನ್ನು ಬಿಟ್ಟುಕೊಟ್ಟದ್ದಕ್ಕೆ ಬಂದ ಹಣದಲ್ಲಿ ಮೈದಾನಕ್ಕೆ ಬೇಲಿ ಹಾಕಿಸಿದರು.

ಸೂಜಿ ಹೊರಡುವ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ತಮ್ಮನೂ ಬಂದಿದ್ದ. ದೂರದ ಕಂಬದ ಹತ್ತಿರ ನಿಂತಿದ್ದ. ತಂದೆ ಆ ಕಡೆ ನೋಡಲಿಲ್ಲ. ಸೂಜಿಯೇ ಓಡಿಹೋಗಿ ಮಾವನ ಕೈ ಹಿಡಿದು ಏನೋ ಹೇಳಿ ಬಂದಳು. ಬಸ್ಸು ತಿರುವು ದಾಟಿದ ಮೇಲೆ ತಂದೆ ಕಣ್ಣೊರೆಸಿಕೊಂಡು, "ಧೂಳು" ಎಂದ. ನಿಲ್ದಾಣದ ನೆಲಕ್ಕೆ ಆಗತಾನೇ ನೀರು ಹಾಕಿ ತೊಳೆದಿದ್ದರು.

ಮನೆಯಲ್ಲಿ ಈಗ ಇಬ್ಬರ ಅಕ್ಕಿ ಕಡಿಮೆ. ತಾಯಿಗೆ ಕೈ ಅಳತೆ ತಪ್ಪಿ ಅನ್ನ ಉಳಿದುಹೋಗುತ್ತಿತ್ತು. ಡಿಪೋದಲ್ಲಿ ಮೊದಮೊದಲು ಡ್ರೈವರುಗಳೆಲ್ಲ "ಯಾವಾಗಪ್ಪಾ ನಿನ್ನ ಮಗಳ ಆಟ?" ಎಂದು ಕೇಳುತ್ತಿದ್ದರು. ತಂದೆ "ಬರೋ ಭಾನುವಾರ" ಎನ್ನುತ್ತಿದ್ದ. ಭಾನುವಾರಗಳು ಬಂದವು, ಹೋದವು. ಕೇಳುವವರು ಕಡಿಮೆಯಾದರು. ಊರಿನ ತಂಡ ಆಟದ ಮೇಲೆ ಆಟ ಸೋತಿತು, ಚಳಿಗಾಲ ಮುಗಿಯುವ ಮೊದಲೇ ತಮ್ಮನ ಜಾಗಕ್ಕೆ ಇನ್ನೊಬ್ಬ ಕೋಚ್ ಬಂದ. ಅವನು ಅದನ್ನು ಅಕ್ಕನಿಗೆ ಹೇಳಲಿಲ್ಲ. ಡಬ್ಬಿ ಹಿಡಿದು ಮೈದಾನಕ್ಕೆ ಹೋದವಳಿಗೆ ಅಪರಿಚಿತನೊಬ್ಬ ಸೀಟಿ ಊದುತ್ತಿರುವುದು ಕಂಡಾಗಲೇ ಗೊತ್ತಾದದ್ದು.

ಮನೆಯ ಮೌನ ಅಜ್ಜಿಗೆ ಹಿಡಿಸಲಿಲ್ಲ. ಒಂದು ಸಂಜೆ ಅಡುಗೆಮನೆಯ ದೀಪ ಹೊತ್ತಲಿಲ್ಲ. "ಅವನನ್ನ ಕರೆಸು, ವೈರು ಸುಟ್ಟಿರಬೇಕು," ಎಂದು ಅಜ್ಜಿ ಮಗನಿಗೆ ಆಜ್ಞೆ ಮಾಡಿದಳು. ಬೇರೆ ಎಲೆಕ್ಟ್ರಿಷಿಯನ್ ಇಲ್ಲವೇ ಎಂದರೆ, "ಕಂಡವರೆಲ್ಲ ನನ್ನ ಅಡುಗೆಮನೆಗೆ ಕಾಲಿಡೋದು ಬೇಡ," ಎಂದಳು. ತಮ್ಮ ಬಂದ. ಸ್ಟೂಲಿನ ಮೇಲೆ ಹತ್ತಿ ಬಲ್ಬು ತಿರುಗಿಸಿದ, ದೀಪ ಹೊತ್ತಿತು.

"ಇದನ್ನ ಯಾರೋ ಸಡಿಲ ಮಾಡಿದ್ದಾರೆ," ಎಂದ.

"ನಂಗೇನು ಗೊತ್ತಪ್ಪ," ಎಂದಳು ಅಜ್ಜಿ. "ಹೇಗೂ ಬಂದಿದ್ದೀಯ, ಊಟ ಮಾಡ್ಕೊಂಡು ಹೋಗು."

ಅವನು ನಗುತ್ತಲೇ ಬೇಡವೆಂದ. ಅಂಗಳದಲ್ಲಿ ಬೂಟು ಕಳಚುತ್ತಿದ್ದ ತಂದೆಯ ಪಕ್ಕದಿಂದಲೇ ಹಾದುಹೋದ. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟರು, ಅಷ್ಟೇ.

ಕೊನೆಗೆ ಗಂಡ ಹೆಂಡತಿ ಇಬ್ಬರೇ ಮಗಳನ್ನು ನೋಡಲು ಹೊರಟರು. ದೊಡ್ಡ ಕ್ಲಬ್ಬಿನ ಮೈದಾನ ಅವರ ಇಡೀ ಬೀದಿಗಿಂತ ದೊಡ್ಡದಿತ್ತು. ಸೂಜಿ ಬದಲಿ ಆಟಗಾರ್ತಿಯರ ಹಳದಿ ಮೇಲಂಗಿ ತೊಟ್ಟು, ಆಟವಿಡೀ ಅಂಚಿನಲ್ಲಿ ಓಡಿದಳು, ಬಗ್ಗಿದಳು, ಮತ್ತೆ ಬಂದು ಕೂತಳು. ಒಳಗೆ ಕರೆದದ್ದು ಬೇರೊಬ್ಬಳನ್ನು. ತಂದೆ ಮಾತ್ರ ಸೀಟಿನ ಅಂಚಿಗೆ ಜರುಗಿ ಕೂತೇ ಇದ್ದ, ಈಗ ಕರೆದಾರು, ಇನ್ನೀಗ ಕರೆದಾರು ಎಂದು. ಜನ ಎದ್ದು ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದ.

ಆಮೇಲೆ ಕ್ಲಬ್ಬಿನ ಹುಡುಗಿಯರು ಒಟ್ಟಿಗೆ ಇರುತ್ತಿದ್ದ ಮನೆಗೆ ಹೋದರು. ಅಲ್ಲಿನ ಫ್ರಿಜ್ಜಿನಲ್ಲಿ ಮಗಳ ಪಾಲಿನ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆಗಳು, ಅರ್ಧ ಎಲೆಕೋಸು. ಒಲೆಯ ಮೇಲೆ ಯಾರದೋ ಹಾಲು ಉಕ್ಕಿ ಕಪ್ಪಾಗಿ ಅಂಟಿತ್ತು. ತಾಯಿ ಏನೂ ಹೇಳದೆ ಸೆರಗು ಸಿಕ್ಕಿಸಿ ಅದನ್ನು ಕೆರೆಯತೊಡಗಿದಳು.

"ಅಮ್ಮ, ಬಿಡು. ಅದು ನಂದಲ್ಲ."

"ಯಾರದಾದ್ರೇನು."

"ಅಮ್ಮ, ಬಿಡು ಅಂದೆ."

ತಾಯಿ ತಿರುಗಿ ನೋಡಿದಳು. ಮಗಳ ತೋಳುಗಳು ತುಂಬಿಕೊಂಡಿದ್ದವು, ಮುಖ ಇಳಿದಿತ್ತು. "ನಡುವೆ ಆಡಿಸ್ತೀವಿ ಅಂದಿದ್ರಲ್ಲೇ?"

"ಅಲ್ಲಿ ದೊಡ್ಡಕ್ಕ ಇದ್ದಾಳೆ. ತಂಡದಲ್ಲಿ ಎಲ್ಲರಿಗಿಂತ ಹಿರಿಯಳು. ಅವಳು ಕದಲಲ್ಲ. ಅವಳ ಹಿಂದೆ ನಾಲ್ಕು ಜನ ನಿಂತಿದ್ದೀವಿ." ಸೂಜಿ ದನಿ ಇಳಿಸಿದಳು. "ಮಾಮನಿಗೆ ಹೇಳಬೇಡ."

ಬಾಗಿಲ ಹೊರಗೆ ನಿಂತಿದ್ದ ತಂದೆಗೆ ಅದು ಕೇಳಿಸಿತು. ವಾಪಸು ಬರುವ ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂತಿದ್ದ. ತಿರುವು ಬಂದಾಗಲೆಲ್ಲ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಹೆಂಡತಿ ಅದರ ಮೇಲೆ ಕೈಯಿಟ್ಟಳು. "ಬೇರೆಯವರು ಓಡಿಸ್ತಿದ್ದಾರೆ, ಸುಮ್ನೆ ಕೂತ್ಕೊಳ್ಳಿ," ಎಂದಳು.

ಚಳಿ ಕಳೆಯುತ್ತಿದ್ದಂತೆ ದೊಡ್ಡ ಕ್ಲಬ್ಬಿನವರು ಸೂಜಿಯನ್ನು ಕೆಲವು ತಿಂಗಳ ಮಟ್ಟಿಗೆ ಎರವಲು ಕಳಿಸಿದರು. ಎಲ್ಲಿಗೆ ಎಂದರೆ, ಸೋದರಮಾವ ಹೇಳಿದ್ದ ಅದೇ ಬಂದರಿನ ಊರಿಗೆ. ಸುದ್ದಿಯನ್ನು ಅವಳು ಮೊದಲು ಫೋನು ಮಾಡಿ ಹೇಳಿದ್ದು ಮಾವನಿಗೆ. ತಾಯಿಗೆ ಅದು ತಮ್ಮನಿಂದ ತಿಳಿಯಿತು, ತಂದೆಗೆ ತಾಯಿಯಿಂದ. ತಂದೆ ಕೇಳಿಸಿಕೊಂಡು, "ಹೂಂ," ಎಂದು ಬಸ್ಸಿನ ಕೀಲಿ ತೆಗೆದುಕೊಂಡು ಹೋದ. ಅಲ್ಲಿ ಅವಳು ಹೋದ ಮೊದಲ ವಾರವೇ ಆಡಿದಳು, ಗೋಲಿನ ಎದುರಿಗೇ. ಎರಡನೆಯ ವಾರ ಗೋಲು ಹೊಡೆದಳು. ಆಮೇಲೆ ಹೊಡೆಯುತ್ತಲೇ ಹೋದಳು. ಡಿಪೋದವರು ಮತ್ತೆ ಕೇಳತೊಡಗಿದರು. ಈ ಸಲ ತಂದೆ ಬರೀ ತಲೆಯಾಡಿಸುತ್ತಿದ್ದ.

ಒಂದು ಮಧ್ಯಾಹ್ನ ಅವನು ಹೆಂಡತಿಯನ್ನು ಕರೆದುಕೊಂಡು ಸೈಕಲ್ ಅಂಗಡಿಯ ಬೀದಿಗೆ ಬಂದ. ಮೆಟ್ಟಿಲು ಹತ್ತಲಿಲ್ಲ. ಕೆಳಗೆ ನಿಂತೇ ಕೂಗಿದ. ತಮ್ಮ ಕೈಯಲ್ಲಿ ವೈರಿನ ಸುರುಳಿ ಹಿಡಿದು ಕಿಟಕಿಗೆ ಬಂದ.

"ಭಾನುವಾರ ನಂಗೆ ಡ್ಯೂಟಿ ಇಲ್ಲ," ಎಂದ ತಂದೆ.

"ಸರಿ ಭಾವ."

"ಬಂದರಿನ ಊರಿಗೆ ಹೋಗ್ತಿದ್ದೀವಿ. ಆಟ ಇದೆ."

"ಗೊತ್ತು."

ತಂದೆ ಅಂಗಡಿಯ ಮುಂದೆ ನೇತುಹಾಕಿದ್ದ ಟೈರುಗಳನ್ನು ನೋಡಿದ. "ನಂಗೆ ಆಟ ಅರ್ಥ ಆಗಲ್ಲ. ಪಕ್ಕದಲ್ಲಿ ಕೂತು ಹೇಳೋರು ಬೇಕು."

ತಮ್ಮ ವೈರಿನ ಸುರುಳಿಯನ್ನು ಕಿಟಕಿಯ ಮೇಲಿಟ್ಟ. ಆಮೇಲೆ, "ಎಷ್ಟು ಹೊತ್ತಿಗೆ ಹೊರಡೋದು?" ಎಂದು ಕೇಳಿತು ದನಿ. ತಾಯಿಗೆ ಅಷ್ಟು ತಿಂಗಳಲ್ಲಿ ಮೊದಲ ಬಾರಿಗೆ ಸರಿಯಾಗಿ ಉಸಿರಾಡಿದಂತಾಯಿತು. ಕ್ಷಮೆ ಕೇಳಿದ್ದನ್ನೂ ಕೊಟ್ಟದ್ದನ್ನೂ ಅವಳು ಕೇಳಲಿಲ್ಲ. ಅವರಿಬ್ಬರ ನಡುವೆ ಅಂಥದ್ದು ಬಾಯಿಗೆ ಬರುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ತಮ್ಮ ಹಿಂದಿನ ಕೋಣೆಗೆ ಮರಳಲಿಲ್ಲ, ಆದರೆ ಊಟಕ್ಕೆ ಬರತೊಡಗಿದ.

ಬೇಸಿಗೆಯಲ್ಲಿ ಸೂಜಿ ರಜೆಗೆ ಮನೆಗೆ ಬಂದಳು. ಅವಳಿಗೆ ಹದಿನೆಂಟು ತುಂಬಿತ್ತು. ಎರವಲಿನ ಅವಧಿ ಮುಗಿದಿತ್ತು. ಬಂದರಿನ ಕ್ಲಬ್ಬು ಅವಳನ್ನು ಪೂರ್ತಿಯಾಗಿ ಕೊಳ್ಳಲು ತಯಾರಿತ್ತು, ದೊಡ್ಡ ಕ್ಲಬ್ಬು ವಾಪಸು ಬಾ ಎನ್ನುತ್ತಿತ್ತು. ವಾರದೊಳಗೆ ಹೇಳಬೇಕಿತ್ತು. ಊಟದ ಹೊತ್ತಿಗೆ ಎಲ್ಲರೂ ಮೇಜಿನ ಸುತ್ತ ಸೇರಿದರು. ತಂದೆ ಗಂಟಲು ಸರಿಮಾಡಿಕೊಂಡ.

"ನಾನೂ ನಿಮ್ಮ ಮಾವನೂ ಮಾತಾಡಿದ್ವಿ. ಬಂದರಲ್ಲೇ ಇರು ನೀನು. ಅಲ್ಲಿ ಆಡಿಸ್ತಾರೆ, ಬೆಲೆ ಕೊಡ್ತಾರೆ. ನಾನು ಒಂದು ಸಲ ತಪ್ಪು ಮಾಡಿದೆ."

"ನಿಮ್ಮ ಅಪ್ಪ ಹೇಳೋದು ಸರಿ," ಎಂದ ತಮ್ಮ. ಅವರಿಬ್ಬರ ಬಾಯಲ್ಲಿ ಒಂದೇ ಮಾತು ಬಂದದ್ದನ್ನು ತಾಯಿ ನೋಡಿದ್ದು ಅದೇ ಮೊದಲು. ಅಜ್ಜಿ ಸಂತೋಷದಿಂದ ತಲೆದೂಗಿದಳು.

"ನಾನು ದೊಡ್ಡ ಕ್ಲಬ್ಬಿಗೆ ವಾಪಸು ಹೋಗ್ತೀನಿ," ಎಂದಳು ಸೂಜಿ.

ತಂದೆಯ ಕೈ ನಿಂತಿತು. "ಅಲ್ಲಿ ಬೆಂಚಿನ ಮೇಲೆ ಕೂತು ಕೂತು ಹೇಗಾಗಿದ್ದೆ ಅಂತ ನಾನು ಕಣ್ಣಾರೆ ನೋಡಿದ್ದೀನಿ!"

"ನೀವು ನೋಡಿದ್ದು ನನ್ನ. ನಾನು ನೋಡ್ತಿದ್ದಿದ್ದು ದೊಡ್ಡಕ್ಕನ್ನ." ಸೂಜಿ ತಟ್ಟೆಯಿಂದ ತಲೆಯೆತ್ತಿದಳು. "ಎಲ್ಲರೂ ಓಡೋವಾಗ ಅವಳು ನಿಂತ್ಕೊಳ್ತಾಳೆ. ಸುಮ್ನೆ ನಿಂತಿರ್ತಾಳೆ, ಅವಳನ್ನ ಕಾಯೋರು ಮರೆತೇ ಹೋಗ್ತಾರೆ, ಆಮೇಲೆ ಎರಡೇ ಹೆಜ್ಜೆ, ಗೋಲು. ಬಂದರಲ್ಲಿ ನಾನು ಹೊಡೆದ ಗೋಲು ಅರ್ಧಕ್ಕರ್ಧ ಅವಳಿಂದ ಕದ್ದಿದ್ದು. ಬೆಂಚು ಚೆನ್ನಾಗಿತ್ತು ಅಂತ ಹೇಳ್ತಿಲ್ಲ. ಎಷ್ಟೋ ದಿನ ಬಚ್ಚಲಲ್ಲಿ ನೀರು ಬಿಟ್ಕೊಂಡು ಅತ್ತಿದ್ದೀನಿ. ಆದ್ರೆ ಈಗ ಅವಳು ಆಟ ಬಿಡ್ತಿದ್ದಾಳೆ. ಆ ಜಾಗ ನಂಗೆ ಬೇಕು. ಕೋಚ್ ಹತ್ರ ಮಾತಾಡಿದ್ದೀನಿ."

"ಕೊಡ್ತೀನಿ ಅಂದ್ರಾ?" ಸೋದರಮಾವ ಕೇಳಿದ.

"ಇಲ್ಲ. ಬಂದು ತಗೋ ಅಂದ್ರು."

"ಸಿಗದಿದ್ರೆ?"

"ಸಿಗದಿದ್ರೆ ಇನ್ನೊಂದು ಕಡೆ ಹೋಗ್ತೀನಿ. ಆಗಲೂ ನಾನೇ ಹೋಗ್ತೀನಿ." ಅವಳ ದನಿ ಏರಿರಲಿಲ್ಲ. "ಮಾಮ, ನೀನು ನನ್ನ ಎರಡು ವರ್ಷ ಎಡಗಡೆ ನಿಲ್ಲಿಸಿದ್ದು ನನಗೋಸ್ಕರಾನಾ, ತಂಡಕ್ಕೋಸ್ಕರಾನಾ?"

ಸೋದರಮಾವ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ. "ತಂಡಕ್ಕೆ," ಎಂದ.

"ಹೇಳಿದ್ರೆ ನಿಲ್ತಿದ್ದೆ. ನೀನು ಹೇಳಲಿಲ್ಲ. ಅಪ್ಪ ಸಹಿ ಹಾಕಿದ ದಿನ ನಾನು ಮೈದಾನದಲ್ಲಿದ್ದೆ. ಮನೆಗೆ ಬಂದ ಮೇಲೆ ಗೊತ್ತಾಯ್ತು ನಾನು ಮಾರಾಟ ಆಗಿದ್ದೀನಿ ಅಂತ."

ಆ ದಿನ ತಾನು ಮಗಳನ್ನು ಕೇಳಬೇಕೆಂದುಕೊಂಡೇ ಬರುತ್ತಿದ್ದೆನಲ್ಲ ಎಂದು ತಾಯಿಗೆ ನೆನಪಾಯಿತು. ದಾರಿಯಲ್ಲಿ ಸೊಪ್ಪು ಕೊಳ್ಳಲು ನಿಂತಿದ್ದಳು. ಅಷ್ಟೇ ತಡವಾದದ್ದು. ಆದರೆ ಅದಕ್ಕೂ ಮೊದಲು ಎಷ್ಟೊಂದು ಸಂಜೆಗಳಿದ್ದವು, ಅವಳೆದುರೇ ಕೂತು ಅನ್ನ ಕಲಸುತ್ತಿದ್ದ ಹುಡುಗಿ. ಆಗಲೂ ಕೇಳಿರಲಿಲ್ಲ.

ಸೂಜಿ ತಟ್ಟೆ ತೊಳೆದಿಟ್ಟಳು. ಅಜ್ಜಿಯ ಕೆನ್ನೆ ಹಿಂಡಿದಳು. ಬೂಟಿನ ದಾರ ಬಿಗಿದುಕೊಂಡು, "ಓಡಿ ಬರ್ತೀನಿ, ಬಿಸಿಲು ಇಳಿದಿದೆ," ಎಂದು ಹೊರಗೆ ಹೋದಳು. ಅವಳ ಹೆಜ್ಜೆಯ ಸದ್ದು ಬೀದಿಯಲ್ಲಿ ದೂರವಾಯಿತು.

ಮೇಜಿನ ಬಳಿ ಜಗಳವಾಡಲು ಏನೂ ಉಳಿದಿರದ ಇಬ್ಬರು ಗಂಡಸರು ಕೂತಿದ್ದರು. ತಾಯಿ ಮಗಳ ಕುರ್ಚಿಯನ್ನು ಎಳೆದುಕೊಂಡು ಕೂತು, ತನಗೆ ತಾನೇ ಬಡಿಸಿಕೊಂಡಳು.

ತಂದೆ ಅವಳ ಕಡೆ ತಿರುಗಿದ. "ನೀನೇನು ಹೇಳ್ತೀಯ?" ಎಂದು ಕೇಳಿದ. ಅಷ್ಟೂ ಕಾಲದಲ್ಲಿ ಆ ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

"ಅವಳು ಹೇಳಿ ಆಯ್ತಲ್ಲ," ಎಂದಳು ತಾಯಿ. "ಅನ್ನ ತಣ್ಣಗಾಗ್ತಿದೆ, ಊಟ ಮಾಡಿ."